ಮನೆಯಲ್ಲೇ ಪಿಸಿಬಿ: ಇಸ್ತ್ರಿ ಪೆಟ್ಟಿಗೆಯಾ, ಡ್ರೈ ಫಿಲ್ಮಾ?

ಸಕಲೇಶಪುರದಿಂದ ಪ್ರಶ್ನೆ:
ತೋಟದ ಟ್ಯಾಂಕ್ ತುಂಬಿದರೆ ಮೋಟಾರ್ ತಾನೇ ನಿಲ್ಲುವಂಥ ಸರ್ಕ್ಯೂಟ್ ಮಾಡಿದ್ದೇನೆ. ಒಂದು ಐಸಿ, ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಅಷ್ಟೇ. ಡಾಟ್ ಬೋರ್ಡ್ ಮೇಲೆ ವೈರ್ ಎಳೆದು ಎಳೆದು ಸಾಕಾಗಿದೆ. ಮನೆಯಲ್ಲೇ ಪಿಸಿಬಿ, ಅಂದರೆ ವೈರ್ ಬದಲು ತಾಮ್ರದ ಗೆರೆಗಳಿರುವ ಬೋರ್ಡ್ ಮಾಡಲು ಯಾವ ದಾರಿ ಒಳ್ಳೇದು? ಮಾಡಿ ನೋಡಿದವರು ಹೇಳಿ.

ಹಾಸನದಿಂದ:
ಇಸ್ತ್ರಿ ಪೆಟ್ಟಿಗೆ ಸಾಕು ಸಾರ್. ಗೆರೆಗಳ ನಕ್ಷೆಯನ್ನು ಹೊಳಪಿನ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಆಗುವುದಿಲ್ಲ. ಟೋನರ್ ಎಂದರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಬೋರ್ಡಿನ ಮೇಲಿರುವ ತಾಮ್ರದ ಪದರಕ್ಕೆ ಅಂಟುತ್ತದೆ. ನಿಜವಾದ ಕಷ್ಟ ಜೆರಾಕ್ಸ್ ಅಂಗಡಿಯಲ್ಲಿ. ಮ್ಯಾಗಜೀನ್ ಹಾಳೆ ಹಿಡಿದು ಹೋದರೆ "ಮೆಷಿನ್ ಹಾಳಾಗುತ್ತೆ" ಎಂದು ವಾಪಸ್ ಕಳಿಸುತ್ತಾರೆ. ನನಗೆ ನಾಲ್ಕನೇ ಅಂಗಡಿಯವರು ಒಪ್ಪಿದರು, ಅವರನ್ನು ಇನ್ನೂ ಬಿಟ್ಟಿಲ್ಲ.

ತಾಮ್ರವನ್ನು ಪಾತ್ರೆ ತಿಕ್ಕುವ ಹಸಿರು ನಾರಿನಲ್ಲಿ ಉಜ್ಜಿ. ಆಮೇಲೆ ಬೆರಳು ತಾಗಿಸಬೇಡಿ. ಪ್ರಿಂಟನ್ನು ತಾಮ್ರದ ಮೇಲೆ ಮಗುಚಿಟ್ಟು ಸ್ಟೀಮ್ ಇಲ್ಲದೆ ನಾಲ್ಕೈದು ನಿಮಿಷ ಇಸ್ತ್ರಿ ಒತ್ತಿ, ಅಂಚಿನ ಕಡೆ ಜಾಸ್ತಿ. ನೀರಲ್ಲಿ ಚೆನ್ನಾಗಿ ನೆನೆದ ಮೇಲೆ ಕಾಗದವನ್ನು ಬೆರಳಲ್ಲೇ ತಿಕ್ಕಿ ತೆಗೆಯಿರಿ, ಕೀಳಬೇಡಿ. ಟ್ರ್ಯಾಕ್, ಅಂದರೆ ತಾಮ್ರದ ಗೆರೆ, 1 ಮಿ.ಮೀ. ಅಗಲ ಇಟ್ಟರೆ ಹೊಸಬರಿಗೂ ಬರುತ್ತದೆ. ಎಲ್ಲಾದರೂ ಹರಿದರೆ ಪರ್ಮನೆಂಟ್ ಮಾರ್ಕರಿನಲ್ಲಿ ತಿದ್ದಿ.

ಇನ್ನೊಂದು. ಬೋರ್ಡಿನ ಕೆಳಗಿನ ತಾಮ್ರವನ್ನು ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಮೇಲಿನಿಂದ ಕಂಡ ಹಾಗೆ ತೋರಿಸುತ್ತದೆ. ಹಾಗೇ ಪ್ರಿಂಟ್ ತೆಗೆಯಿರಿ. ನಾನು ಜಾಣತನ ಮಾಡಿ ಮಿರರ್ ಒತ್ತಿದ್ದೆ. ಕೊನೆಗೆ ಐಸಿಯನ್ನು ಬಾವಲಿಯ ಹಾಗೆ ಬೋರ್ಡಿನ ಅಡಿಗೆ ನೇತುಹಾಕಿ ಸೋಲ್ಡರ್ ಮಾಡಬೇಕಾಯಿತು.

ಚಿಕ್ಕಮಗಳೂರಿನಿಂದ:
ನನ್ನದು ಡ್ರೈ ಫಿಲ್ಮ್. ಬೋರ್ಡಿಗೆ ಫಿಲ್ಮ್ ಅಂಟಿಸಿ, ಮೇಲೆ ನೆಗೆಟಿವ್ ಶೀಟ್ (ಗೆರೆ ಪಾರದರ್ಶಕ, ಉಳಿದದ್ದು ಕಪ್ಪು) ಇಟ್ಟು ಯುವಿ ಬೆಳಕು ಬಿಡಬೇಕು. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ, ಉಳಿದದ್ದು ವಾಷಿಂಗ್ ಸೋಡಾ ನೀರಲ್ಲಿ ಬಿಡುತ್ತದೆ. 0.25 ಮಿ.ಮೀ. ಗೆರೆಯೂ ಚೊಕ್ಕವಾಗಿ ಬರುತ್ತದೆ. ದುಡ್ಡು ಉಳಿಸಲು ಬಿಸಿಲಿಗಿಟ್ಟು ಕೆಟ್ಟೆ. ಮಾರ್ಚ್‌ನಲ್ಲಿ ಹೊಂದಿಸಿದ ನಿಮಿಷದ ಲೆಕ್ಕ ಜುಲೈ ಮೋಡದಲ್ಲಿ ನಡೆಯುತ್ತದಾ? ಈಗ ಉಗುರು ಬಣ್ಣ ಒಣಗಿಸುವ ಯುವಿ ದೀಪ ಇಟ್ಟುಕೊಂಡಿದ್ದೇನೆ. ಆದರೆ ನಿಮ್ಮ ಒಂದು ಐಸಿಗೆ ಇಷ್ಟೆಲ್ಲ ಬೇಡ.

ಯಾವ ದಾರಿಯಾದರೂ, ಮುಚ್ಚದೆ ಉಳಿದ ತಾಮ್ರವನ್ನು ಕರಗಿಸಿ ತೆಗೆಯುವುದು ಫೆರಿಕ್ ಕ್ಲೋರೈಡ್. ಮಳೆಗಾಲದ ಚಳಿಗೆ ಅದೂ ಸೋಮಾರಿ. ದ್ರಾವಣದ ಪ್ಲಾಸ್ಟಿಕ್ ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಅಲ್ಲಾಡಿಸುತ್ತಿರಿ. ಪುಡಿ ತಂದರೆ ಮುಚ್ಚಳ ಬಿಗಿ ಮಾಡಿ. ನಮ್ಮ ಹವೆಯ ತೇವ ಹೀರಿ ತಾನೇ ನೀರಾಗುತ್ತದೆ.

ಬೇಲೂರಿನಿಂದ:
ಅಲ್ಯೂಮಿನಿಯಂ ಪಾತ್ರೆ ಮಾತ್ರ ಮುಟ್ಟಬೇಡಿ. ನಾನು ಹಳೇ ತಟ್ಟೆಯೊಂದರಲ್ಲಿ ಫೆರಿಕ್ ಕ್ಲೋರೈಡ್ ಸುರಿದೆ. ಬುಸ್ಸೆಂದು ಕುದಿದು ತಟ್ಟೆಯೇ ತೂತಾಯಿತು. ನೆಲದ ಕಲೆ ಇವತ್ತಿಗೂ ಇದೆ, ಮನೆಯವರ ಮಾತೂ ಇದೆ. ಬಳಸಿದ ದ್ರಾವಣವನ್ನು ಡಬ್ಬಿಗೆ ತುಂಬಿಟ್ಟರೆ ಇನ್ನೂ ಕೆಲವು ಬೋರ್ಡಿಗೆ ಬರುತ್ತದೆ. ತಾಮ್ರವಿರುವ ಮೈಲುತುತ್ತ ಹೊಡೆಯುವ ತೋಟ ತಾನೇ ಎಂದು ಗಿಡದ ಬುಡಕ್ಕೋ ಹಳ್ಳಕ್ಕೋ ಚೆಲ್ಲಬೇಡಿ.

ಹಾಸನದಿಂದ, ಮತ್ತೆ:
ಮೋಟಾರ್ ಎಂದಿರಿ ಅಲ್ವಾ, ಅದನ್ನು ಗಮನಿಸಿರಲಿಲ್ಲ. ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್ ಅಷ್ಟೇ. ಮೋಟಾರಿನ ಕರೆಂಟನ್ನು ಇದರ ಮೇಲೆ ಹರಿಸಬೇಡಿ. ರಿಲೇ ಸ್ಟಾರ್ಟರಿನ ಕಾಯಿಲನ್ನಷ್ಟೇ ನಡೆಸಲಿ. ತ್ರೀ ಫೇಸ್ ಆದರೆ ಆ ಕಾಯಿಲ್ 415 ವೋಲ್ಟಿನದಿರಬಹುದು, ಮೊದಲು ನೋಡಿಕೊಳ್ಳಿ. ಕಾಯಿಲ್ ಕಡೆಯ ಟ್ರ್ಯಾಕಿಗೂ ಐಸಿ ಕಡೆಯದಕ್ಕೂ ಮಧ್ಯೆ 6 ಮಿ.ಮೀ.ಗಿಂತ ಜಾಸ್ತಿಯೇ ಬಿಡಿ.

ಸಕಲೇಶಪುರದಿಂದ:
ನೋಡಿದೆ, 415ರದ್ದೇ. ನನ್ನ ರಿಲೇ 250ರದ್ದು. ಬೋರ್ಡ್ ಆಮೇಲೆ, ಮೊದಲು ರಿಲೇ ಹುಡುಕುತ್ತೇನೆ.