ಮಳೆಗಾಲದಲ್ಲಿ ಕೋಳಿ ಶೆಡ್ಡಿನ ಘಾಟು: ಸುಣ್ಣ ಎರಚುವುದು ಸರಿಯೇ?

ಪ್ರಶ್ನೆ – ಬದಿಯಡ್ಕದ ಸಾಕಣೆದಾರ

ಬದಿಯಡ್ಕದ ಸಮೀಪ ಅಡಕೆ ತೋಟದ ಅಂಚಿನಲ್ಲಿ ನಮ್ಮ ಬ್ರಾಯ್ಲರ್ ಶೆಡ್ಡು ಇದೆ. ಆಟಿಯ ಮಳೆ ಹಿಡಿಯಿತೆಂದರೆ ನೆಲಕ್ಕೆ ಹಾಸಿದ ಮರದ ಹುಡಿ ಒದ್ದೆಯಾಗಿ ಕಣ್ಣುರಿಯುವಷ್ಟು ಘಾಟು ಏಳುತ್ತದೆ. ನೆರೆಯವರು ಪಂಚಾಯತಿಗೆ ದೂರು ಕೊಡುವ ಮಾತಾಡುತ್ತಿದ್ದಾರೆ. ಸುಣ್ಣ ಎರಚಿದರೆ ವಾಸನೆ ಅಡಗುತ್ತದೆಂದು ಹಲವರು ಹೇಳುತ್ತಾರೆ, ಆದರೆ ಪರಿಚಯದವರ ಶೆಡ್ಡಿನಲ್ಲಿ ಎರಚಿದ ಮೇಲೆ ಘಾಟು ಹೆಚ್ಚಿದ್ದನ್ನು ಕಂಡಿದ್ದೇನೆ. ತಿಳಿದವರು ಕಾರಣ ಹೇಳಬೇಕೆಂದು ವಿನಂತಿ.

ಉತ್ತರ – ಪಶುವೈದ್ಯ, ಕುಂಬಳೆ

ತಾವು ಕಂಡದ್ದು ಸರಿಯೇ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ; ಹಾಸು ಆಮ್ಲೀಯವಾಗಿದ್ದರೆ ಅದು ಅಮೋನಿಯಂ ಲವಣವಾಗಿ ಅಲ್ಲಿಯೇ ಉಳಿಯುತ್ತದೆ, ಕ್ಷಾರೀಯವಾದಂತೆಲ್ಲ ಅನಿಲವಾಗಿ ಗಾಳಿಗೆ ಸೇರುತ್ತದೆ. ಸುಣ್ಣ ಕ್ಷಾರವಾದುದರಿಂದ, ಕೋಳಿಗಳಿರುವಾಗ ಹಸಿ ಹಾಸಿನಲ್ಲಿ ಅದನ್ನು ಬೆರೆಸಿದರೆ ಹಿಡಿದಿಟ್ಟಿದ್ದ ಅಮೋನಿಯಾವೂ ಹೊರಬೀಳುತ್ತದೆ. ಒಂದು ತಂಡ ಮಾರಾಟವಾಗಿ ಹಳೆಯ ಹಾಸನ್ನು ತೆಗೆದ ಮೇಲೆ ನೆಲ, ಗೋಡೆಗಳಿಗೆ ಸುಣ್ಣ ಬಳಿಯುವುದು ಬೇರೆ ಮಾತು, ಅದು ರೋಗಾಣುಗಳಿಗಾಗಿ. ವಾಸನೆ ತಗ್ಗಿಸಲು ಹಾಸಿನಲ್ಲಿ ಸೂಪರ್ ಫಾಸ್ಫೇಟನ್ನೋ ಅಲ್ಯೂಮಿನಿಯಂ ಸಲ್ಫೇಟನ್ನೋ ಬೆರೆಸುವ ಕ್ರಮವಿದೆ, ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಬೆರೆಸಿ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಮೋನಿಯಾ 25 ಭಾಗ ಮೀರದಂತೆ ನೋಡಿಕೊಳ್ಳಬೇಕೆಂಬುದು ಸಾಮಾನ್ಯ ಮಿತಿ. ದಿನವೂ ಒಳಗೆ ದುಡಿಯುವವರ ಮೂಗು ಒಗ್ಗಿಹೋಗಿರುವುದರಿಂದ, ಹೊರಗಿನಿಂದ ಬಂದವರ ಮಾತನ್ನೇ ನಂಬುವುದು ಒಳ್ಳೆಯದು, ದೂರುವ ನೆರೆಯವರದ್ದನ್ನೂ!

ಉತ್ತರ – ಮುಳ್ಳೇರಿಯದ ಕೃಷಿಕ

ವೈದ್ಯರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಬೇರು ಇರುವುದು ನೀರಿನಲ್ಲಿ. ಮಳೆಯ ಎರಚಲಿಗೆ ಹೆದರಿ ನಮ್ಮವರು ಶೆಡ್ಡಿನ ಸುತ್ತ ಟಾರ್ಪಾಲನ್ನು ಮೇಲಿನವರೆಗೂ ಬಿಗಿದುಬಿಡುತ್ತಾರೆ; ಆಗ ಕೋಳಿಗಳ ಉಸಿರಿನ ತೇವವೂ ಅಮೋನಿಯಾವೂ ಒಳಗೇ ಸುತ್ತುತ್ತವೆ. ಮಾಡಿನ ಇಳಿಜಾರನ್ನು ಮುಂದಕ್ಕೆ ಚಾಚಿ, ಟಾರ್ಪಾಲನ್ನು ಕೆಳಗಿನಿಂದ ಕಟ್ಟಿ ಮೇಲ್ಭಾಗದಲ್ಲಿ ಒಂದಡಿಯಾದರೂ ತೆರವು ಬಿಡಿ. ಹಾಸಿನ ತೇವ ಶೇಕಡಾ 25ರ ಆಸುಪಾಸಿನಲ್ಲಿದ್ದರೆ ಸಾಕು: ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ಹಾಗೆಯೇ ನಿಂತರೆ ಒದ್ದೆ ಹೆಚ್ಚೆಂದು ತಿಳಿಯಬೇಕು. ನೀರಿನ ಪಾತ್ರೆಗಳ ಕೆಳಗೆ ಹೆಪ್ಪುಗಟ್ಟಿದ ಹಾಸನ್ನು ಕಾಯದೆ ತೆಗೆದು ಒಣ ಉಮಿಯನ್ನೋ ಮರದ ಹುಡಿಯನ್ನೋ ತುಂಬಿ. ಕೋಳಿ ಕೊಕ್ಕಿನಿಂದ ಒತ್ತಿದಾಗ ಮಾತ್ರ ನೀರು ಬಿಡುವ, ತೊಟ್ಟಿಕ್ಕದ ನಿಪ್ಪಲ್ ಅಳವಡಿಸಿದರೆ ಅರ್ಧ ತಲೆನೋವು ತಪ್ಪುತ್ತದೆ.

ಬದಿಯಡ್ಕದ ಸಾಕಣೆದಾರ

ಇಬ್ಬರಿಗೂ ಧನ್ಯವಾದಗಳು. ತೆಗೆದ ಒದ್ದೆ ಹಾಸನ್ನು ನೇರವಾಗಿ ಅಡಕೆ ಬುಡಕ್ಕೆ ಹಾಕಬಹುದೇ?

ಮುಳ್ಳೇರಿಯದ ಕೃಷಿಕ

ಬೇಡ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ, ಮಳೆಗೆ ಕೊಚ್ಚಿ ತೋಡಿಗೂ ಇಳಿಯುತ್ತದೆ. ಮಾಡಿನಡಿಯಲ್ಲಿ ತರಗೆಲೆಯೊಂದಿಗೆ ಪದರ ಪದರವಾಗಿ ರಾಶಿ ಹಾಕಿ, ಆಗಾಗ ಮಗುಚಿ, ಬಿಸಿ ಇಳಿದ ಮೇಲೆ ಬಳಸಿರಿ.