ಸಹಾಯ ಬೇಕು: ಇಳಿವಯಸ್ಸಿನ ಪ್ರೀತಿಯ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್

ನಮಸ್ಕಾರ. ನಮ್ಮ ಬಡಾವಣೆಯ ಹಿರಿಯರಿಗೆ ನಿರ್ದೇಶಕ ಫಾಸ್‌ಬಿಂಡರ್ ಅವರ 1974ರ ಜರ್ಮನ್ ಚಿತ್ರ ‘ಅಲಿ: ಫಿಯರ್ ಈಟ್ಸ್ ದ ಸೋಲ್’ ತೋರಿಸಬೇಕು ಅಂತಿದ್ದೇವೆ. ಮ್ಯೂನಿಕ್‌ನಲ್ಲಿ ಕ್ಲೀನಿಂಗ್ ಕೆಲಸ ಮಾಡುವ ವಿಧವೆ ಎಮ್ಮಿ ಮಳೆ ಅಂತ ಒಂದು ಬಾರ್‌ಗೆ ನುಗ್ಗುತ್ತಾಳೆ. ಅಲ್ಲಿ ಸಿಕ್ಕಿದ, ಅವಳಿಗಿಂತ ತುಂಬಾ ಚಿಕ್ಕವನಾದ ಮೊರಾಕೊದ ಅಲಿಯನ್ನೇ ಮದುವೆಯಾಗುತ್ತಾಳೆ. ಸುದ್ದಿ ಕೇಳಿದ ಮಗ ಎದ್ದು ಹೋಗಿ ಟಿವಿಯನ್ನೇ ಒದ್ದು ಒಡೆಯುತ್ತಾನೆ! ಕಿರಾಣಿ ಅಂಗಡಿಯವನೂ ಸಾಮಾನು ಕೊಡಲ್ಲ. ನಮ್ಮ ಅಜ್ಜಿಯರು ಈ ಜಾಗದಲ್ಲಿ ಸುಮ್ನೆ ಕೂರಲ್ಲ, ಬಿಡಿ.

ಇಂಗ್ಲಿಷ್ ಸಬ್‌ಟೈಟಲ್ ಓದೋದು ಅವರಿಗೆ ಕಷ್ಟ. ಕನ್ನಡದ್ದು ಯಾರ ಹತ್ರಾದ್ರೂ ಇದೆಯಾ? ಇಲ್ಲದಿದ್ರೆ ಜೊತೆಗೆ ಕೂತು ಮಾಡೋರು ಬೇಕು. ಮಾತು ಜಾಸ್ತಿ ಇಲ್ಲ. ಪ್ರದರ್ಶನಕ್ಕೆ ಅನುಮತಿ ಯಾರನ್ನ ಕೇಳಬೇಕು ಅಂತಾನೂ ಗೊತ್ತಿದ್ದವರು ತಿಳಿಸಿ. ಇಬ್ಬರೂ ವಯಸ್ಸಾದವರೇ ಇರುವ ಇಂಥದ್ದೇ ಬೇರೆ ಸಿನಿಮಾ ಇದ್ರೆ ಅದನ್ನೂ ಹೇಳಿ.