ಮನೆಯಲ್ಲಿ ಬಿಡಿಸಿದ ಜನಪದ ಚಿತ್ರ ಆನ್‌ಲೈನ್‌ನಲ್ಲಿ ಮಾರೋದು ಹೇಗೆ?

ಪ್ರಶ್ನೆ: ಅಜ್ಜಿ ಕಲಿಸಿದ ಚಿತ್ರಗಳನ್ನು ಬಿಡುವಿದ್ದಾಗ ಬಿಡಿಸುತ್ತೇನೆ. ಮಾರಿದರೆ ಮನೆಗೂ ನೆರವಾಗುತ್ತದೆ. ಬೆಲೆ ಹೇಗೆ ಇಡಲಿ? ಫೋಟೊದಲ್ಲಿ ಕೆಂಪು ಬೇರೆಯೇ ಕಾಣುತ್ತದೆ, ಏನು ಮಾಡಲಿ?

ಉತ್ತರ: ಫ್ಲ್ಯಾಶ್ ಬೇಡ. ನೇರ ಬಿಸಿಲು ಬೀಳದ ಕಿಟಕಿ ಹತ್ತಿರ ಚಿತ್ರದ ಪಕ್ಕ ಬಿಳಿ ಹಾಳೆ ಇಟ್ಟು ಫೋಟೊ ತೆಗೆಯಿರಿ, ಆಮೇಲೆ ಆ ಹಾಳೆ ಬಿಳಿಯಾಗಿಯೇ ಕಾಣುವಂತೆ ಎಡಿಟ್ ಮಾಡಿದರೆ ಕೆಂಪೂ ಹೆಚ್ಚುಕಡಿಮೆ ಸರಿಹೋಗುತ್ತದೆ.

ಉತ್ತರ: ಬೆಲೆಗೆ ಸಂಕೋಚ ಬೇಡ. ಬಣ್ಣ, ಕಾಗದ, ಪ್ಯಾಕಿಂಗ್, ಕಮಿಷನ್ ಎಲ್ಲ ಲೆಕ್ಕ ಹಾಕಿ ನಿಮ್ಮ ಗಂಟೆಗಳನ್ನೇ ಬಿಟ್ಟರೆ ಸುಮ್ನೆ ದುಡಿದ ಹಾಗಾಗುತ್ತದೆ, ಅಲ್ವಾ? ಮೊದಲು ನಾನೂ ಹಾಗೇ ಮಾಡಿ ತುಂಬಾ ನೊಂದಿದ್ದೆ.

ಉತ್ತರ: ಬಣ್ಣ ದಪ್ಪ ಇದ್ದರೆ ಸುತ್ತಬೇಡಿ, ಬಿರುಕು ಬಿಡುತ್ತದೆ. ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು ಕಳಿಸಿ. ಅಜ್ಜಿಯಿಂದ ಕಲಿತಿದ್ದನ್ನೂ ನಾಲ್ಕು ಸಾಲು ಬರೆದು ಜೊತೆಗಿಡಿ.